ಮೇಲುಕೋಟೆ ಏರಿನಲ್ಲಿ ಎಳೆಯದ ಗಾಡಿ

ಪಾಂಡವಪುರದಲ್ಲಿ ನನ್ನದೊಂದು ಶಾಮಿಯಾನ ಅಂಗಡಿ. ಕುರ್ಚಿ, ಟೇಬಲ್, ಕಬ್ಬಿಣದ ಪೈಪು, ಅಡುಗೆ ಪಾತ್ರೆ ಎಲ್ಲ ಬಾಡಿಗೆಗೆ ಕೊಡುತ್ತೇನೆ. ಇವನ್ನೆಲ್ಲ ಹೊತ್ತುಕೊಂಡು ಓಡಾಡೋಕೆ ಒಂದು ಹಳೇ ಡೀಸೆಲ್ ಪಿಕಪ್ ಇದೆ. 2009ರ ಮಾಡೆಲ್. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್, ಜೊತೆಗೆ ಅದಕ್ಕೆ ಗಾಳಿ ಒತ್ತಿ ತುಂಬುವ ಟರ್ಬೋ. ನಾಜಲ್‌ಗಳಿಗೆ ಡೀಸೆಲ್ ತಳ್ಳುವ ಪಂಪ್ ಮಾತ್ರ ಹಳೇ ಕಾಲದ್ದು, ಪೂರಾ ಮೆಕ್ಯಾನಿಕಲ್. ಕಂಪ್ಯೂಟರ್ ಇಲ್ಲ, ಸೆನ್ಸಾರ್ ಇಲ್ಲ, ಇಂಜಿನ್‌ನಲ್ಲಿ ಏನಾದರೂ ಕೆಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಹತ್ತುವುದೂ ಇಲ್ಲ. ಯಾವ ಕಂಪನಿ ಅಂತ ಕೇಳಬೇಡಿ. ಇಷ್ಟು ವಯಸ್ಸಾದ ಗಾಡಿಗೆ ಬರುವ ಕಾಯಿಲೆಗೆ ಕಂಪನಿಯನ್ನು ಬೈದು ಏನು ಪ್ರಯೋಜನ?

ಈ ವರ್ಷದ ಮದುವೆ ಸೀಸನ್ನಿನಲ್ಲಿ ಇದು ಎಳೆಯೋದು ನಿಲ್ಲಿಸಿತು. ಊರೊಳಗೆ ಚೆನ್ನಾಗೇ ಓಡುತ್ತಿತ್ತು. ಖಾಲಿ ಇದ್ದಾಗ ಎಕ್ಸ್‌ಪ್ರೆಸ್‌ವೇನಲ್ಲಿ ಮಂಡ್ಯಕ್ಕೆ ಹೋಗಿ ಬಂದರೂ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಲೋಡ್ ಹಾಕಿಕೊಂಡು ಜಕ್ಕನಹಳ್ಳಿಯಿಂದ ಮೇಲುಕೋಟೆ ಕಡೆ ತಿರುಗಿದರೆ ಮುಗೀತು. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ. ಪೆಡಲ್ ನೆಲಕ್ಕೆ ತಾಗುವವರೆಗೂ ಒತ್ತಿದರೂ ಇಂಜಿನ್ ಮೇಲೆ ಏಳುತ್ತಿರಲಿಲ್ಲ. ಹಿಂದೆ ದೇವಸ್ಥಾನಕ್ಕೆ ಹೊರಟ ಕಾರುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಮೇಲೆ ಛತ್ರದಲ್ಲಿ ಅಡುಗೆಯವರು ಪುಳಿಯೋಗರೆಗೆ ಪಾತ್ರೆ ಎಲ್ಲಿ ಅಂತ ಫೋನ್ ಮೇಲೆ ಫೋನ್.

ಸೀಸನ್ನಿನಲ್ಲಿ ಗಾಡಿ ಬಿಚ್ಚಿಕೊಂಡು ಕೂರೋಕಾಗಲ್ಲ. ಲೋಡ್ ಕಮ್ಮಿ ಮಾಡಿ, ಎರಡು ಸಲ ಓಡಾಡಿ ಹೇಗೋ ತಳ್ಳಿದೆ. ಆಷಾಢ ಬಂತು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಶಾಮಿಯಾನದವರು ಕುರ್ಚಿ ಒರೆಸಿಕೊಂಡು ಕೂರುವ ತಿಂಗಳು ಅದು. ಈ ಸಲ ಪೂರ್ತಿ ಆಷಾಢ ಈ ಗಾಡಿಗೇ ಹೋಯಿತು.

ಗಾಡಿ ಎಳೀತಿಲ್ಲ ಅಂತ ಬಾಯಿ ಬಿಟ್ಟರೆ ಸಾಕು, ನಮ್ಮ ಕಡೆ ಎಲ್ಲರೂ ಡಾಕ್ಟರೇ. ಟೀ ಅಂಗಡಿಯಲ್ಲಿ ಒಬ್ಬರು ಟರ್ಬೋ ಹೋಗಿದೆ ಅಂದರು. ಇನ್ನೊಬ್ಬರು ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಅಂದರು. ಮಧ್ಯಾಹ್ನ ಜಾಸ್ತಿ ಆಗುತ್ತೆ ಅಂದಿದ್ದಕ್ಕೆ ಮತ್ತೊಬ್ಬರು ಇಂಜಿನ್ ತಲೆಭಾಗದ ಕೆಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ತೀರ್ಪು ಕೊಟ್ಟೇಬಿಟ್ಟರು. ಮೈಸೂರಿನ ಒಂದು ಗ್ಯಾರೇಜಿನಲ್ಲಿ ಬೋನೆಟ್ ಕೂಡ ಎತ್ತಲಿಲ್ಲ. ಕಿಲೋಮೀಟರ್ ಎಷ್ಟಾಗಿದೆ ಅಂತ ಕೇಳಿ, ಪಂಪ್ ಬಿಚ್ಚಿ ಅಳತೆ ಸರಿಮಾಡಿಸೋಕೆ ಕ್ಯಾಲಿಬ್ರೇಷನ್‌ಗೆ ಕೊಡೋಣ, ಸರಿಹೋಗದಿದ್ದರೆ ಸವೆದ ಸಿಲಿಂಡರ್ ಕೊರೆಸಿ ಇಂಜಿನ್ ಬೋರ್ ಮಾಡಿಸೋಣ ಅಂದರು. "ಸರಿಹೋಗದಿದ್ದರೆ" ಅನ್ನುವ ಆ ಮಾತಿನಲ್ಲೇ ನನ್ನ ಆರು ತಿಂಗಳ ದುಡಿಮೆ ಹೋಗುತ್ತಿತ್ತು.

ನಮ್ಮೂರಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಒಂದು ಕಾಲದಲ್ಲಿ ಕಬ್ಬಿನ ಲಾರಿಗಳ ಇಂಜಿನ್ ಕಟ್ಟುತ್ತಿದ್ದವರು. ಈಗ ಮಂಡಿ ನೋವು, ಗಾಡಿ ಕೆಳಗೆ ಮಲಗೋಕಾಗಲ್ಲ. ಮನೆ ಜಗಲಿ ಮೇಲೆ ಕೂತು ಹೇಳ್ತಾರೆ, ನಾವು ಮಾಡಬೇಕು. ಹೋಗಿ ಕೇಳಿದೆ.

"ಹೊಗೆ ಯಾವ ಬಣ್ಣ ಬತ್ತದಪ್ಪ?"

"ಮಾವ, ಹೊಗೆ ಏನೂ ಹಂಗೆ ಕಾಣ್ಸಲ್ಲ."

"ಕಾಣ್ಸಲ್ವೋ, ನೋಡಿಲ್ವೋ? ನೀನು ಮುಂದ್ಗಡೆ ಕೂತಿರ್ತೀಯ, ಹೊಗೆ ಹಿಂದ್ಗಡೆ ಬತ್ತದೆ."

ಸರಿ, ನಮ್ಮ ಡ್ರೈವರ್ ಹುಡುಗನ ಕೈಗೆ ಗಾಡಿ ಕೊಟ್ಟು, ನಾನು ಬೈಕಿನಲ್ಲಿ ಹಿಂದೆ ಹೋದೆ. ಏರಿನಲ್ಲಿ ಗಾಡಿ ಏದುಸಿರು ಬಿಡುವಾಗಲೂ ಸೈಲೆನ್ಸರ್ ಬಾಯಿ ಸ್ವಚ್ಛ. ಗೇರ್ ಬದಲಾಯಿಸುವಾಗ ಚೂರು ಕಪ್ಪು ಬರುತ್ತಿತ್ತು, ಅಷ್ಟೇ. ಬಂದು ಹೇಳಿದೆ. ಮುದುಕರ ಮುಖ ಅರಳಿತು.

"ಹಂಗಾದ್ರೆ ಇಂಜಿನ್ ಬುಚ್ಬ್ಯಾಡ. ಅದಕ್ಕೆ ಹೊಟ್ಟೆಗೆ ಬೀಳ್ತಿಲ್ಲ."

ಇದರ ಹಿಂದಿನ ಲೆಕ್ಕ ಗೊತ್ತಿದ್ದರೆ ಬಹಳ ದುಡ್ಡು ಉಳಿಯುತ್ತೆ, ಅದಕ್ಕೇ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಪೆಟ್ರೋಲ್ ಇಂಜಿನ್ನಿನಲ್ಲಿ ನಾವು ಪೆಡಲ್ ಒತ್ತಿದರೆ ಗಾಳಿಯ ಬಾಗಿಲು ತೆರೆಯುತ್ತೆ. ಇಂತಹ ಹಳೇ ಡೀಸೆಲ್‌ನಲ್ಲಿ ಆ ಬಾಗಿಲೇ ಇಲ್ಲ. ಗಾಳಿ ಯಾವಾಗಲೂ ಪೂರ್ತಿ ಒಳಗೆ ಹೋಗುತ್ತೆ. ಪೆಡಲ್ ಒತ್ತಿದರೆ ಜಾಸ್ತಿಯಾಗೋದು ಡೀಸೆಲ್ ಮಾತ್ರ. ಹಾಗಾಗಿ ಗಾಳಿ ಕಮ್ಮಿಯಾದರೆ ಡೀಸೆಲ್ ಅರ್ಧಂಬರ್ಧ ಉರಿದು ಕಪ್ಪು ಹೊಗೆ ಬರುತ್ತೆ. ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೋ ಸೋತಿರಬಹುದು, ಟರ್ಬೋದಿಂದ ಇಂಜಿನ್‌ಗೆ ಬರುವ ಹೋಸ್ ಹರಿದಿರಬಹುದು. ನಾಜಲ್ ಸರಿಯಾಗಿ ಸಿಂಪಡಿಸದೆ ತೊಟ್ಟಿಕ್ಕಿದರೂ ಕಪ್ಪೇ. ಎಳೆತವೂ ಇಲ್ಲ, ಹೊಗೆಯೂ ಇಲ್ಲ ಅಂದರೆ ಇಂಜಿನ್‌ಗೆ ಡೀಸೆಲ್ ಸಾಲುತ್ತಿಲ್ಲ ಅಂತ ಮೊದಲು ಅನುಮಾನಿಸಬೇಕು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರೀತಿದೆ. ಬಿಳಿ ಹೊಗೆ ಬಂದು ಕಣ್ಣು ಉರಿದರೆ ಡೀಸೆಲ್ ಉರಿಯದೆ ಹೊರಗೆ ಬರ್ತಿದೆ: ಡೀಸೆಲ್ ಸಿಂಪಡಿಸುವ ಟೈಮಿಂಗ್ ಹಿಂದೆ ಬಿದ್ದಿರಬಹುದು, ಸಿಲಿಂಡರಿನೊಳಗೆ ಗಾಳಿ ಒತ್ತುವ ಶಕ್ತಿ, ಅಂದರೆ ಕಂಪ್ರೆಷನ್ ಹೋಗಿರಬಹುದು. ಬಿಳಿ ಹೊಗೆಯ ಜೊತೆ ರೇಡಿಯೇಟರ್ ನೀರೂ ಇಳೀತಿದ್ದರೆ ಆಗ ಹೆಡ್ ಗ್ಯಾಸ್ಕೆಟ್ ಮಾತು.

ಎಂಟು ವರ್ಷ ದಾಟಿದ ಹಳದಿ ಬೋರ್ಡ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟ್ ಮಾಡಿಸಬೇಕಲ್ವಾ, ನನ್ನದೂ ಪಾಸಾಗಿತ್ತು. ಹೊಗೆ ಪರೀಕ್ಷೆಯಲ್ಲಂತೂ ತುಂಬಾ ಚೆನ್ನಾಗಿ ಬಂದಿತ್ತು. ಬರದೆ ಏನು ಮಾಡುತ್ತೆ, ಡೀಸೆಲ್ಲೇ ಹೋಗ್ತಿಲ್ಲ!

ಆದರೂ ಮೇಸ್ತ್ರಿ ನೇರವಾಗಿ ಡೀಸೆಲ್ ಲೈನಿಗೆ ಕೈ ಹಾಕಲು ಬಿಡಲಿಲ್ಲ. ಖರ್ಚಿಲ್ಲದ ಕೆಲಸ ಮೊದಲು ಅಂದರು. ಹುಡುಗನನ್ನು ಒಳಗೆ ಕೂರಿಸಿ ಪೆಡಲ್ ಪೂರ್ತಿ ಒತ್ತಿಸಿದೆ, ಬೋನೆಟ್ ಎತ್ತಿ ಪಂಪಿನ ಲಿವರ್ ಕೊನೆವರೆಗೂ ಬರುತ್ತಾ ಅಂತ ನೋಡಿದೆ. ಕೇಬಲ್ ಸಡಿಲವಾಗಿದ್ದರೆ, ಪೆಡಲ್ ಕೆಳಗೆ ಮ್ಯಾಟ್ ಸಿಕ್ಕಿಕೊಂಡಿದ್ದರೆ ಲಿವರ್ ಮುಕ್ಕಾಲಕ್ಕೇ ನಿಲ್ಲುತ್ತೆ. ನಮ್ಮದು ಸರಿಯಾಗಿತ್ತು. ಬ್ರೇಕ್ ಕಚ್ಚಿಕೊಂಡಿದೆಯಾ ಅಂತ ಚಕ್ರ ಎತ್ತಿ ತಿರುಗಿಸಿ ನೋಡಿದೆ. ಎಡಗಡೆ ಹಿಂದಿನದು ಸ್ವಲ್ಪ ಬಿಗಿ ಇತ್ತು, ಸಡಿಲ ಮಾಡಿದೆ. ಕ್ಲಚ್ ಜಾರಿದರೂ ಗಾಡಿ ಎಳೆಯಲ್ಲ. ಆದರೆ ಆಗ ಇಂಜಿನ್ ಸದ್ದು ಏರುತ್ತೆ, ವೇಗ ಏರಲ್ಲ. ನಮ್ಮದರಲ್ಲಿ ಸದ್ದೇ ಏರುತ್ತಿರಲಿಲ್ಲ. ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದರೆ ಬೆಳಕು ಹಾಯುತ್ತಿತ್ತು. ಟರ್ಬೋದ ಶಾಫ್ಟ್ ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ. ಅಕ್ಕಪಕ್ಕ ಚೂರು ಆಟ ಇತ್ತು, ಅದು ಇರಬೇಕು. ಒಳಗೆ ಹೊರಗೆ ಆಟ ಇರಬಾರದು, ಇರಲಿಲ್ಲ. ಇವಿಷ್ಟೂ ಒಂದೇ ಬೆಳಗ್ಗೆ ಮುಗೀತು. ಖರ್ಚು ಅಂದರೆ ಹುಡುಗನಿಗೆ ಎರಡು ಪ್ಲೇಟ್ ಇಡ್ಲಿ.

ಇನ್ನು ಡೀಸೆಲ್ ದಾರಿ. ಟ್ಯಾಂಕಿನಿಂದ ಪೈಪ್ ಹೊರಡುತ್ತೆ, ಚಾಸಿಸ್ ಉದ್ದಕ್ಕೂ ಮುಂದೆ ಬಂದು ಫೀಡ್ ಪಂಪ್ ಸೇರುತ್ತೆ. ಈ ಫೀಡ್ ಪಂಪ್ ದೊಡ್ಡ ಪಂಪಿನ ಪಕ್ಕದಲ್ಲೇ ಅಂಟಿಕೊಂಡಿರುತ್ತೆ, ಅದರ ತಲೆ ಮೇಲೆ ಕೈಯಲ್ಲಿ ಒತ್ತುವ ಪ್ರೈಮರ್ ಇರುತ್ತೆ. ಅಲ್ಲಿಂದ ಫಿಲ್ಟರ್, ಫಿಲ್ಟರ್‌ನಿಂದ ದೊಡ್ಡ ಪಂಪ್, ಪಂಪಿನಿಂದ ನಾಲ್ಕು ಉಕ್ಕಿನ ಪೈಪುಗಳಲ್ಲಿ ನಾಲ್ಕು ನಾಜಲ್. ಬೇಕಾದ್ದಕ್ಕಿಂತ ಜಾಸ್ತಿ ಬಂದ ಡೀಸೆಲ್ ರಿಟರ್ನ್ ಪೈಪಿನಲ್ಲಿ ವಾಪಸ್ ಟ್ಯಾಂಕಿಗೆ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಭಾಗ ಹೀರುವ ಕಡೆ. ಅಲ್ಲಿಂದ ಮುಂದಕ್ಕೆ ತಳ್ಳುವ ಕಡೆ. ತಳ್ಳುವ ಕಡೆ ತೂತಾದರೆ ಡೀಸೆಲ್ ಸೋರಿ ನೆಲ ಒದ್ದೆಯಾಗುತ್ತೆ, ಯಾರಿಗಾದರೂ ಕಾಣುತ್ತೆ. ಹೀರುವ ಕಡೆ ತೂತಾದರೆ ಇಂಜಿನ್ ಓಡುವಾಗ ಒಂದು ಹನಿಯೂ ಆಚೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ಅಲ್ಲಿ ಏನಾದರೂ ಕಟ್ಟಿಕೊಂಡರಂತೂ ಹೊರಗಿನಿಂದ ಯಾವ ಗುರುತೂ ಇಲ್ಲ.

ನಾಜಲ್ ಕಡೆಯ ಆ ಉಕ್ಕಿನ ಪೈಪುಗಳ ಬಗ್ಗೆ ಒಂದು ಮಾತು. ಇಂಥ ಇಂಜಿನ್‌ಗಳಲ್ಲಿ ನಾಜಲ್ ತೆರೆಯುವುದೇ ಸುಮಾರು 200 ಬಾರ್ ಒತ್ತಡದಲ್ಲಿ. ಇಂಜಿನ್ ಓಡುವಾಗ ಅಲ್ಲಿ ಸೋರುತ್ತಿದೆಯಾ ಅಂತ ಬೆರಳಿಟ್ಟು ನೋಡಬೇಡಿ. ಡೀಸೆಲ್ ಚರ್ಮ ತೂರಿಕೊಂಡು ಒಳಗೆ ಹೋಗುತ್ತೆ, ಬೆರಳೇ ಕಳೆದುಕೊಳ್ಳಬೇಕಾಗಬಹುದು. ಯೂಟ್ಯೂಬ್ ನೋಡಿ ಕೈ ಹಾಕುವ ಹುಡುಗರಿಗೆ ಇದನ್ನು ಯಾರೂ ಹೇಳಲ್ಲ.

ಡೀಸೆಲ್ ಫಿಲ್ಟರ್ ಬದಲಾಯಿಸಿದೆ. ಹಳೇದರ ತಳದಲ್ಲಿ ನೀರು ಇತ್ತು, ಆದರೆ ಗಾಬರಿಯಾಗುವಷ್ಟಲ್ಲ. ಲೈನಿನೊಳಗೆ ಸೇರಿದ ಏರ್ ತೆಗೆದು ಸ್ಟಾರ್ಟ್ ಮಾಡಿದರೆ ಊರೊಳಗೆ ಗಾಡಿ ಹುಮ್ಮಸ್ಸಿನಲ್ಲಿತ್ತು. ಏರಿನಲ್ಲಿ ಮತ್ತೆ ಅದೇ ಹಾಡು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತು ಇರುತ್ತೆ, ಅದು ಮುಚ್ಚಿದರೆ ಡೀಸೆಲ್ ಖಾಲಿಯಾದಂತೆ ಟ್ಯಾಂಕಿನೊಳಗೆ ಗಾಳಿ ಕಮ್ಮಿಯಾಗಿ ಹೀರುವುದು ಕಷ್ಟ. ಗಾಡಿ ಸೋತ ಜಾಗದಲ್ಲೇ ನಿಲ್ಲಿಸಿ ಮುಚ್ಚಳ ತೆಗೆದೆ. ಉಸ್ ಅಂತ ಸದ್ದು ಬರಲಿಲ್ಲ. ಮುಚ್ಚಳ ಸರಿಯಾಗಿತ್ತು.

ಆದರೆ ಅಲ್ಲಿ ಇನ್ನೊಂದು ವಿಷಯ ಗಮನಕ್ಕೆ ಬಂತು. ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊರಟರೆ ಗಾಡಿ ಏನೂ ಆಗಿಲ್ಲ ಅನ್ನೋ ಹಾಗೆ ಏರು ಹತ್ತಿತು. ಸ್ವಲ್ಪ ದೂರ ಹೋಗಿ ಮತ್ತೆ ಸೋತಿತು. ಮೇಸ್ತ್ರಿಗೆ ಹೇಳಿದೆ.

"ಟ್ಯಾಂಕು ತೊಳುದ್ಯಾ?"

"ಇಲ್ಲ ಮಾವ."

"ತೊಳ್ದು ಬಾ. ತಳ್ದಲ್ಲಿರೋ ಕಸ ಹೀರೋ ಬಾಯಿಗೆ ಮೆತ್ಕೊಂಡದೆ. ನಿಲ್ಸುದ್ರೆ ಕೆಳಕ್ ಬೀಳ್ತದೆ."

ಟ್ಯಾಂಕ್ ಇಳಿಸಿದೆವು. ಒಳಗಿಂದ ಬಂದದ್ದನ್ನು ಹಳೇ ಬಾಣಲಿಗೆ ಬಗ್ಗಿಸಿಕೊಂಡೆ. ತುಕ್ಕಿನ ಪುಡಿ, ಕರೀ ಜೆಲ್ಲಿ, ಯಾವ ಕಾಲದ್ದೋ ಸೀಲಿನ ಚೂರು, ಒಂದು ಬೇವಿನೆಲೆ. ಬೇವಿನೆಲೆ ಹೇಗೆ ಒಳಗೆ ಹೋಯಿತು ಅಂತ ಇವತ್ತಿಗೂ ಯೋಚನೆ ಮಾಡ್ತೀನಿ. ಡೀಸೆಲ್ ಮತ್ತು ಟ್ಯಾಂಕಿನೊಳಗೆ ಕಟ್ಟುವ ನೀರು ಸೇರುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಆ ಜೆಲ್ಲಿ ಆಗುತ್ತಂತೆ. ಗಾಡಿ ತುಂಬಾ ದಿನ ಕಾಲು ಟ್ಯಾಂಕಿನಲ್ಲೇ ನಿಂತರೆ ಜಾಸ್ತಿ. ಮಳೆಗಾಲದಲ್ಲಿ ನಮ್ಮ ಗಾಡಿ ನಿಲ್ಲೋದೇ ಹಾಗೆ. ಹೀರುವ ಪೈಪಿನ ತುದಿಯ ಜಾಲರಿ ಬ್ರಷ್ ಹಾಕಿ ತಿಕ್ಕಿ, ಕಂಪ್ರೆಸರ್ ಗಾಳಿಯಲ್ಲಿ ಪೂರ್ತಿ ಲೈನ್ ಊದಿಸಿದೆ. ಇಂಜಿನ್ ಕಡೆಯಿಂದ ಊದಿದರೆ ಟ್ಯಾಂಕಿನ ಕಡೆ ಭರ್ ಅಂತ ಗಾಳಿ ಬಂತು. ಲೈನ್ ಕ್ಲೀನ್ ಅಂತ ಖುಷಿಯಾಯಿತು.

ಕುರ್ಚಿ, ಪೈಪು ಎಲ್ಲ ಲೋಡ್ ಮಾಡಿಕೊಂಡು ಬೆಳಗ್ಗೆ ಆರಕ್ಕೆ ಮೇಲುಕೋಟೆ ಏರು ಹತ್ತಿಸಿದೆ. ಮೂರನೇ ಗೇರಿನಲ್ಲಿ ನುಗ್ಗಿಕೊಂಡು ಹೋಯಿತು. ಸದ್ಯ ಮುಗೀತಪ್ಪ ಅಂತ ಮೇಲೆ ಕಾಫಿ ಕುಡಿದು ಬಂದೆ. ಅದೇ ವಾರ ಮೈಸೂರಿಗೆ ಹೋಗಿ ಸರಕು ತಂದು, ಮಧ್ಯಾಹ್ನ ಹಾಗೇ ಮೇಲುಕೋಟೆ ಕಡೆ ತಿರುಗಿಸಿದೆ. ಏರಿನ ಅರ್ಧಕ್ಕೆ ಎರಡನೇ ಗೇರ್. ಆಮೇಲೆ ಒಂದು.

ಆಗ ಅರ್ಥವಾಗಿದ್ದು ಇಷ್ಟು: ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ತೊಂದರೆ. ಹೆಡ್ ಗ್ಯಾಸ್ಕೆಟ್ ಪಾರ್ಟಿಯವರು ಟೀ ಅಂಗಡಿಯಲ್ಲಿ ಮತ್ತೆ ಎದ್ದು ಕೂತರು. ಆದರೆ ರೇಡಿಯೇಟರ್ ನೀರು ಇಳಿದಿರಲಿಲ್ಲ, ಟೆಂಪರೇಚರ್ ಮುಳ್ಳು ಅರ್ಧ ದಾಟಿರಲಿಲ್ಲ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಹೊಗೆ ಈಗಲೂ ಇಲ್ಲ. ಬಿಸಿಯಾಗೋದು ಇಂಜಿನ್ ಒಂದೇ ಅಲ್ಲವಲ್ಲ. ರಿಟರ್ನ್ ಪೈಪಿನಲ್ಲಿ ವಾಪಸ್ ಹೋಗುವ ಡೀಸೆಲ್ ಇಂಜಿನ್ ಬಿಸಿ ಹೊತ್ತುಕೊಂಡೇ ಹೋಗುತ್ತೆ. ದೂರ ಓಡಿದ ಮೇಲೆ ಟ್ಯಾಂಕ್ ಮುಟ್ಟಿ ನೋಡಿ, ಬೆಚ್ಚಗಿರುತ್ತೆ.

ಮುಂದಿನ ಪರೀಕ್ಷೆ ಮೇಸ್ತ್ರಿಯದೇ ಐಡಿಯಾ. ನನ್ನ ಪ್ರಕಾರ ಇಡೀ ಕತೆಯಲ್ಲಿ ಇದಕ್ಕಿಂತ ಬೆಲೆಬಾಳುವ ವಿಷಯ ಬೇರೆ ಇಲ್ಲ. ಹತ್ತು ಲೀಟರಿನ ಒಂದು ಕ್ಯಾನಿಗೆ ಫಿಲ್ಟರ್ ಮಾಡಿದ ಡೀಸೆಲ್ ತುಂಬಿದೆವು. ಕ್ಯಾಬಿನ್ ಹಿಂದೆ, ಬಾಡಿಯ ಮುಂದಿನ ಮೂಲೆಯಲ್ಲಿ, ಸೈಲೆನ್ಸರ್‌ಗೆ ದೂರ ಇರುವ ಕಡೆ ಹಗ್ಗ ಹಾಕಿ ಬಿಗಿದೆವು. ಶಾಮಿಯಾನದವರಿಗೆ ಗಂಟು ಹಾಕೋದು ಹೇಳಿಕೊಡಬೇಕಾ? ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನಲ್ಲಿ ಬಿಚ್ಚಿ ಕಟ್ಟಿಟ್ಟು, ಕ್ಯಾನಿನಿಂದ ಹೊಸ ಹೋಸ್ ಎಳೆದು ಅಲ್ಲಿಗೆ ಜೋಡಿಸಿದೆವು. ಕ್ಯಾನಿನ ಮುಚ್ಚಳದಲ್ಲಿ ಗಾಳಿಗೆ ತೂತು. ರಿಟರ್ನ್ ಪೈಪ್ ಟ್ಯಾಂಕಿಗೇ ಇರಲಿ ಅಂತ ಬಿಟ್ಟೆವು. ಕ್ಯಾನ್ ಬೇಗ ಖಾಲಿಯಾಗುತ್ತೆ, ಅದೊಂದು ನೆನಪಿರಬೇಕು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇಟ್ಟುಕೊಂಡೆ. ಪೆಟ್ರೋಲ್ ಗಾಡಿಯಲ್ಲಿ ಈ ಆಟ ಆಡಲೇಬೇಡಿ.

ಇದರಿಂದ ಏನು ಗೊತ್ತಾಗುತ್ತೆ? ಕ್ಯಾನಿನ ಡೀಸೆಲ್‌ನಲ್ಲೂ ಗಾಡಿ ಸೋತರೆ ತಪ್ಪು ಫೀಡ್ ಪಂಪಿನಿಂದ ಮುಂದೆ ಎಲ್ಲೋ ಇದೆ. ಫೀಡ್ ಪಂಪ್, ದೊಡ್ಡ ಪಂಪ್, ನಾಜಲ್, ಇಂಜಿನ್ ಯಾವುದೂ ಆಗಬಹುದು. ಗಾಡಿ ಸರಿಯಾಗಿ ಎಳೆದರೆ ಫೀಡ್ ಪಂಪ್ ಬಿಟ್ಟು ಉಳಿದವೆಲ್ಲ ಒಂದೇ ಏಟಿಗೆ ನಿರಪರಾಧಿಗಳು; ಕ್ಯಾನ್ ಎತ್ತರದಲ್ಲಿರೋದರಿಂದ ಸೋತ ಫೀಡ್ ಪಂಪಿಗೂ ಡೀಸೆಲ್ ಸುಲಭವಾಗಿ ಇಳಿದು ಬರುತ್ತೆ. ಹಳದಿ ಬೋರ್ಡ್ ಗಾಡಿಗಳಿಗೆ 80 ಕಿ.ಮೀ. ದಾಟದಂತೆ ಹಾಕುವ ಸ್ಪೀಡ್ ಗವರ್ನರ್ ಕೆಲವು ಗಾಡಿಗಳಲ್ಲಿ ಡೀಸೆಲ್ ಲೈನಿನ ಮೇಲೇ ಕೂತಿರುತ್ತೆ. ಅದರ ಮೇಲೂ ನನಗೆ ಅನುಮಾನ ಇತ್ತು. ನಮ್ಮದರಲ್ಲಿ ಅದು ಫಿಲ್ಟರ್ ಆದ ಮೇಲೆ ಇದೆ. ಅದರ ಸೀಲ್ ಮುಟ್ಟದೆ ಅದನ್ನೂ ಇದೇ ಪರೀಕ್ಷೆಯಲ್ಲಿ ನೋಡಿದಂತಾಯಿತು.

ಪರೀಕ್ಷೆ ಮಾಡಿದರೆ ಅದೇ ಏರು, ಅದೇ ಲೋಡು, ಅದೇ ಬಿಸಿ ಇರಬೇಕು ಅಂತ ಮೇಸ್ತ್ರಿ ಹಟ. ಚಾಮುಂಡಿ ಬೆಟ್ಟ ಹತ್ತಿರ ಅಲ್ವಾ ಅಂದರು ಯಾರೋ. ಆಷಾಢದಲ್ಲಿ ಆ ಜನಜಂಗುಳಿಯೊಳಗೆ ಪೈಪು ತುಂಬಿದ ಗಾಡಿ ತಗೊಂಡು ಹೋದರೆ ದೇವಿಗೂ ಸಿಟ್ಟು ಬರುತ್ತೆ. ಆಷಾಢದ ಗಾಳಿಗೆ ಬಿಸಿಲೂ ಕಮ್ಮಿ. ಹಾಗಾಗಿ ಮೊದಲು ಶ್ರೀರಂಗಪಟ್ಟಣ ದಾಟಿ ಮೈಸೂರಿನ ಹತ್ತಿರದವರೆಗೂ ಹೋಗಿ, ಟ್ಯಾಂಕ್ ಮುಟ್ಟಿ ಬೆಚ್ಚಗಾಗಿದೆ ಅಂತ ಖಾತ್ರಿ ಮಾಡಿಕೊಂಡು, ವಾಪಸ್ ಬಂದು ಜಕ್ಕನಹಳ್ಳಿ ಕಡೆ ಹೊರಟೆವು. ಟ್ಯಾಂಕಿನ ಡೀಸೆಲ್‌ನಲ್ಲೇ ಮೊದಲು ಹತ್ತಿಸಿದೆವು. ಸೋತಿತು. ಅಲ್ಲೇ ಪಕ್ಕಕ್ಕೆ ಹಾಕಿ ಪೈಪ್ ಬದಲಾಯಿಸಿ, ಪ್ರೈಮರ್ ಒತ್ತಿ ಏರ್ ತೆಗೆದು, ಕೆಳಗೆ ಹೋಗಿ ತಿರುಗಿಸಿಕೊಂಡು ಬಂದೆವು. ತಣ್ಣಗಾಗಲು ಬಿಡಲೇ ಇಲ್ಲ.

ಕ್ಯಾನಿನ ಡೀಸೆಲ್‌ನಲ್ಲಿ ಗಾಡಿ ಹೋದ ರೀತಿ ನೋಡಿ ಹುಡುಗ ಸ್ಟೇರಿಂಗ್ ಮೇಲೆ ಹೊಡೆದು ಕೂಗಿದ. ಎರಡನೇ ಗೇರ್ ಬೇಕಾಗಿದ್ದೇ ಒಂದು ತಿರುವಿನಲ್ಲಿ. ಮೈಸೂರಿನ ಗ್ಯಾರೇಜಿನವರು ಹೇಳಿದ ಪಂಪ್ ಕೆಲಸ, ಬೋರ್ ಕೆಲಸ ಎರಡೂ ಅಲ್ಲೇ ಖಲಾಸ್.

ಹಾಗಾದರೆ ತಪ್ಪು ಟ್ಯಾಂಕಿನಿಂದ ಫೀಡ್ ಪಂಪ್‌ವರೆಗೆ ಎಲ್ಲೋ ಇದೆ. ಆದರೆ ಟ್ಯಾಂಕ್ ತೊಳೆದಾಗಿದೆ, ಲೈನ್ ಊದಿಸಿಯಾಗಿದೆ! ಗಾಳಿ ಎಳೀತಿರಬಹುದು ಅಂತ ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿದೆ. ಅಂಗಡಿಯಲ್ಲಿ ಲೆವೆಲ್ ಪೈಪ್ ಅಂತ ಸಿಗುತ್ತಲ್ಲ, ಗಾರೆಯವರು ಮಟ್ಟ ನೋಡೋಕೆ ಬಳಸೋದು, ಅದೇ. ಪರೀಕ್ಷೆಗೆ ಮಾತ್ರ, ಖಾಯಂ ಇಡಬಾರದು. ಗಾಡಿ ಬಿಸಿ ಮಾಡಿಕೊಂಡು ಬಂದು ನಿಂತಲ್ಲೇ ರೇಸ್ ಕೊಟ್ಟು ನೋಡಿದೆ. ಗುಳ್ಳೆಗಳ ಸಾಲು ಕಾಣುತ್ತೆ ಅಂದುಕೊಂಡಿದ್ದೆ. ಒಂದೆರಡು ಬಿಟ್ಟರೆ ಗುಳ್ಳೆ ಇಲ್ಲ. ಬದಲಿಗೆ ರೇಸ್ ಜಾಸ್ತಿಯಾದಂತೆ ಆ ಪೈಪೇ ನನ್ನ ಕಣ್ಣೆದುರು ಚಪ್ಪಟೆಯಾಗುತ್ತಾ ಬಂತು. ಎರಡು ಗೋಡೆ ಮಧ್ಯಕ್ಕೆ ಬಂದು ಇನ್ನೇನು ಅಂಟಿಕೊಳ್ಳಬೇಕು ಅನ್ನುವಷ್ಟು. ರೇಸ್ ಬಿಟ್ಟರೆ ಮತ್ತೆ ಉಬ್ಬಿ ದುಂಡಗಾಯಿತು. ಎಳನೀರು ಮುಗಿಯುವ ಹೊತ್ತಿಗೆ ಬುರುಡೆಯೊಳಗಿನ ಗಂಜಿಗೆ ಸ್ಟ್ರಾ ಸಿಕ್ಕಿಕೊಂಡಾಗ ಜೋರಾಗಿ ಹೀರಿದರೆ ಸ್ಟ್ರಾ ಒಳಕ್ಕೆ ಬೀಳುತ್ತಲ್ಲ, ಥೇಟ್ ಹಾಗೇ.

ಅಂದರೆ ಫೀಡ್ ಪಂಪ್ ಪಾಪ ಶಕ್ತಿ ಮೀರಿ ಹೀರುತ್ತಿದೆ. ಹಿಂದೆ ಎಲ್ಲೋ ಬಾಗಿಲು ಹಾಕಿಕೊಂಡಿದೆ.

ಆ ಪಾರದರ್ಶಕ ಪೈಪನ್ನೇ ಹಿಂದಕ್ಕೆ ಸರಿಸುತ್ತಾ ಹೋದೆವು. ಚಾಸಿಸ್ ಮೇಲಿನ ಲೋಹದ ಪೈಪಿನ ಹಿಂದಿನ ತುದಿಯಲ್ಲಿ ಹಾಕಿದರೂ ಚಪ್ಪಟೆ. ಉಳಿದಿದ್ದು ಟ್ಯಾಂಕಿನ ತಲೆ ಮೇಲಿಂದ ಲೋಹದ ಪೈಪಿಗೆ ಸೇರಿಸುವ ಮೊಳದುದ್ದದ ರಬ್ಬರ್ ಹೋಸ್ ಒಂದೇ. ನೋಡೋಕೆ ಚೆನ್ನಾಗೇ ಇತ್ತು. ಹೊರಗೆ ಬಿರುಕಿಲ್ಲ, ಸೋರಿಕೆ ಇಲ್ಲ, ಕ್ಲಿಪ್ ಬಿಗಿ. ಗಾಡಿಯ ವಯಸ್ಸಿಗೆ ಹೋಲಿಸಿದರೆ ಹೊಸದೇ. ದಾರಿಯಲ್ಲಿ ಕೆಟ್ಟು ನಿಂತಾಗ ಯಾರೋ ಕೈಗೆ ಸಿಕ್ಕಿದ್ದು ಹಾಕಿಕೊಟ್ಟಿದ್ದರು.

ಬಿಚ್ಚಿ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆ. ಹೊರಗಿನ ಪದರ ಗಟ್ಟಿ ಇದೆ. ನಡುವಿನ ನೂಲಿನ ಹೆಣಿಗೆ ಇದೆ. ಒಳಗಿನ ತೆಳು ಪದರ ಮಾತ್ರ ಊದಿಕೊಂಡು, ಒಂದು ಕಡೆ ನೂಲಿನಿಂದ ಎದ್ದು, ನಾಲಿಗೆಯಷ್ಟು ಅಗಲದ ತುಂಡು ದಾರಿಗೆ ಅಡ್ಡ ಜೋತು ಬಿದ್ದಿತ್ತು. ಬೆರಳಲ್ಲಿ ಮುಟ್ಟಿದರೆ ಮೆತ್ತಗೆ, ಒತ್ತಿದರೆ ಕಪ್ಪು ಬಣ್ಣ ಅಂಟುತ್ತಿತ್ತು. ಅದರ ಬೇರು ಇಂಜಿನ್ ಕಡೆಗಿತ್ತು, ತುದಿ ಟ್ಯಾಂಕಿನ ಕಡೆಗೆ.

ಕಂಪ್ರೆಸರ್ ಯಾಕೆ ಸುಳ್ಳು ಹೇಳಿತು ಅಂತ ಆಗ ಗೊತ್ತಾಯಿತು. ನಾವು ಊದಿದ್ದು ಇಂಜಿನ್ ಕಡೆಯಿಂದ. ಊದಿದಾಗ ಗಾಳಿ ಆ ತುಂಡನ್ನು ಗೋಡೆಗೆ ಒತ್ತಿ ದಾರಿ ಬಿಡಿಸಿಕೊಂಡು ಹೋಗುತ್ತೆ. ಹೀರಿದಾಗ ಡೀಸೆಲ್ ಬರೋದು ಎದುರು ದಿಕ್ಕಿನಿಂದ, ಆಗ ಅದೇ ತುಂಡು ಮೇಲೆದ್ದು ದಾರಿ ಮುಚ್ಚುತ್ತೆ. ಖಾಲಿ ಗಾಡಿಗೆ ಡೀಸೆಲ್ ಕಮ್ಮಿ ಸಾಕು, ಸಂದಿಯಲ್ಲಿ ಬಂದಷ್ಟರಲ್ಲೇ ನಡೆಯುತ್ತೆ. ಏರಿನಲ್ಲಿ ಲೋಡ್ ಎಳೆಯುವಾಗ ಹೀರುವುದು ಜಾಸ್ತಿ, ಆಗ ಜಾಸ್ತಿ ಮುಚ್ಚಿಕೊಳ್ಳುತ್ತೆ. ಬಿಸಿ ಡೀಸೆಲ್‌ಗೆ ರಬ್ಬರ್ ಇನ್ನೂ ಮೆತ್ತಗಾಗುತ್ತೆ. ನಿಲ್ಲಿಸಿದರೆ ಎಳೆತ ಬಿಟ್ಟು ತನ್ನ ಜಾಗಕ್ಕೆ ಹೋಗಿ ಕೂರುತ್ತೆ. ಬೆಳಗ್ಗೆ ಸರಿ ಮಧ್ಯಾಹ್ನ ಇಲ್ಲ, ಖಾಲಿ ಸರಿ ಲೋಡಿಗೆ ಇಲ್ಲ, ನಿಂತರೆ ಸರಿ ಅನ್ನೋ ಎಲ್ಲದಕ್ಕೂ ಉತ್ತರ ಆ ಒಂದು ಮೊಳದಲ್ಲಿ ಇತ್ತು.

ಸೀಳಿದ ಹೋಸ್ ತಗೊಂಡು ಹೋಗಿ ಮೇಸ್ತ್ರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಟ್ಯಾಂಕಿನ ಕಸ ಅಂದಿದ್ದು ತಾವೇ ಅಲ್ವಾ, ಅದನ್ನು ಬಿಟ್ಟುಕೊಡಲಿಲ್ಲ.

"ಕಸಾನೂ ಇತ್ತಲ್ಲ?"

"ಇತ್ತು ಮಾವ."

"ಮತ್ತೆ?"

ಹೋಸ್ ತರುವಾಗ ಒಂದು ಎಚ್ಚರ ಬೇಕು. ನೀರಿಗೆ, ಗಾಳಿಗೆ, ಸ್ಪ್ರೇಯರ್‌ಗೆ ಅಂತ ಮಾರುವ ರಬ್ಬರ್ ಹೋಸ್ ನೋಡೋಕೆ ಇದೇ ತರ ಇರುತ್ತೆ. ಅದಕ್ಕೆ ಡೀಸೆಲ್ ತಾಗಿದರೆ ಒಳಗಿಂದ ಊದಿಕೊಳ್ಳುತ್ತೆ. ಡೀಸೆಲ್‌ಗೆ ನೈಟ್ರೈಲ್ ರಬ್ಬರಿನಂಥ, ಡೀಸೆಲ್ ತಡೆದುಕೊಳ್ಳುವ ಫ್ಯೂಯೆಲ್ ಹೋಸೇ ಬೇಕು. ಒಳ್ಳೇ ಹೋಸಿನ ಮೈಮೇಲೆ ಫ್ಯೂಯೆಲ್ ಅಂತಲೋ ಅದರ ಸ್ಟ್ಯಾಂಡರ್ಡ್ ನಂಬರೋ ಅಚ್ಚಾಗಿರುತ್ತೆ. ಮಂಡ್ಯದಲ್ಲಿ ಮೊದಲು ಹೋದ ಅಂಗಡಿಯಲ್ಲಿ "ಎಲ್ಲ ಒಂದೇ ಸಾರ್, ತಗೊಂಡ್ಹೋಗಿ" ಅಂದರು. ಎದ್ದು ಬಂದೆ. ಇನ್ನೊಂದು ಕಡೆ ಸಿಕ್ಕಿತು, ಮೀಟರಿಗೆ 200 ರೂಪಾಯಿ ಒಳಗೇ. ಹಳೇ ಹೋಸಿನ ಒಳ ಅಳತೆಗೆ ಸರಿಯಾಗಿ ತಗೊಳ್ಳಿ. ಬಿಗಿಯಾಯಿತು ಅಂತ ದೊಡ್ಡದು ತಗೊಂಡು ಕ್ಲಿಪ್ ಹಿಂಡಿದರೆ ಅಲ್ಲಿ ಗಾಳಿ ಎಳೆಯೋಕೆ ಶುರುವಾಗುತ್ತೆ. ಕ್ಲಿಪ್ ಕೂಡ ಹೊಸದು ಹಾಕಿದೆ. ಪೈಪ್ ಜೋಡಿಸುವ, ಒಳಗೆ ತೂತಿರುವ ಬಾಂಜೋ ಬೋಲ್ಟ್ ಬಿಚ್ಚಿದ ಕಡೆಯೆಲ್ಲ ತಾಮ್ರದ ವಾಷರ್ ಬದಲಾಯಿಸಿದೆ. ಫೀಡ್ ಪಂಪ್ ಹತ್ತಿರದ ಹೋಸ್, ರಿಟರ್ನ್ ಹೋಸ್ ಕೂಡ ಅದೇ ಮೀಟರಿನಲ್ಲಿ ಆಯಿತು.

ಇದನ್ನು ಓದಿ ಎಲ್ಲರೂ ಹೋಸ್ ಸೀಳೋಕೆ ಹೋಗಬೇಡಿ. ನಿಮ್ಮ ಗಾಡಿ ಕಪ್ಪು ಹೊಗೆ ಉಗುಳ್ತಾ ಎಳೀತಿಲ್ಲ ಅಂದರೆ ನಿಮ್ಮ ದಾರಿಯೇ ಬೇರೆ. ಏರ್ ಫಿಲ್ಟರ್, ಟರ್ಬೋ ಹೋಸಿನಿಂದ ಶುರು ಮಾಡಿ. ಟರ್ಬೋ ಹೋಸ್ ಸಾಮಾನ್ಯವಾಗಿ ಕೆಳಭಾಗದಲ್ಲಿ ಸೀಳುತ್ತೆ, ಮೇಲಿಂದ ನೋಡಿದರೆ ಕಾಣಲ್ಲ. ಕೈ ಹಾಕಿ ತಡವಿದರೆ ಎಣ್ಣೆ ಜಿಡ್ಡು ಸಿಗುತ್ತೆ, ಲೋಡಿನಲ್ಲಿ ಬುಸ್ ಅಂತ ಸದ್ದು ಬರುತ್ತೆ. ಬೆಳಗ್ಗೆ ಸ್ಟಾರ್ಟ್ ಆಗೋದೇ ಕಷ್ಟ, ಜೊತೆಗೆ ಎಳೆತ ಇಲ್ಲ, ಆಯಿಲ್ ಮುಚ್ಚಳ ತೆಗೆದರೆ ಹೊಗೆ ರಭಸವಾಗಿ ಬರುತ್ತೆ ಅಂದರೆ ಆಗ ಕಂಪ್ರೆಷನ್ ಚೆಕ್ ಮಾಡಿಸಲೇಬೇಕು, ಬೋರ್ ಮಾತು ಅಲ್ಲಿ ನಿಜ ಇರಬಹುದು. ಇಂಜಿನ್ ವಾಲ್ವ್‌ಗಳ ಟ್ಯಾಪೆಟ್ ಸಂದಿ ನೋಡದೆ ವರ್ಷಗಳಾಗಿದ್ದರೆ ಅದನ್ನೂ ಮಾಡಿಸಿ, ದೊಡ್ಡ ಖರ್ಚೇನಲ್ಲ. ಪಂಪನ್ನು ಬಿಚ್ಚುವ ಮೊದಲು ಮಾತ್ರ ಕ್ಯಾನ್ ಕಟ್ಟಿ ಒಂದು ಏರು ಹತ್ತಿಸಿ. ಮೆಕ್ಯಾನಿಕ್ ನಕ್ಕರೆ ನಗಲಿ.

ಶ್ರಾವಣದ ಮೊದಲ ಮದುವೆ ಮೇಲುಕೋಟೆಯಲ್ಲೇ ಬಂತು. ಕುರ್ಚಿ, ಪಾತ್ರೆ, ಜೊತೆಗೆ ಈ ಸಲ ಸ್ಟೇಜಿನ ಹಲಗೆಗಳೂ ಇದ್ದವು. ನಡುಮಧ್ಯಾಹ್ನ, ಮೂರನೇ ಗೇರ್. ಗೇರ್ ಬದಲಾಯಿಸುವಾಗಿನ ಆ ಚೂರು ಕಪ್ಪು ಈಗ ಮುಂಚಿಗಿಂತ ಜಾಸ್ತಿ ಕಾಣ್ತಿದೆ, ಡೀಸೆಲ್ ಸರಿಯಾಗಿ ಬರೋಕೆ ಶುರುವಾಯಿತಲ್ಲ. ನಾಜಲ್ ನಾಲ್ಕನ್ನೂ ತೆಗೆದು ಟೆಸ್ಟ್ ಮಾಡಿಸಬೇಕು ಅಂತಿದ್ದೀನಿ. ಮೇಸ್ತ್ರಿ ಬೇಡ ಅಂತಾರೆ, ಮೊದಲು ಟರ್ಬೋ ಹೋಸಿನ ಕೆಳಗಡೆ ಕೈ ಹಾಕಿ ನೋಡು ಅಂತಾರೆ. ಮುಂದಿನ ವಾರ ಮದುವೆ ಇಲ್ಲದ ದಿನ ನೋಡಬೇಕು.